ಅಪ್‌ಸೆಟ್: ಸ್ವಂತ ವಾಕ್ಯದಲ್ಲಿ ಬಳಸಿರಿ

ಕನ್ನಡ ಮೇಷ್ಟ್ರು ಕೊಡ್ತಿದ್ದ ಪ್ರಶ್ನೆ ನೆನಪಿದೆ ತಾನೇ? 'ಕೆಳಗಿನ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ.' ಪದ ಯಾವುದೇ ಇರಲಿ, 'ರಾಮನು ಅದನ್ನು ನೋಡಿದನು' ಅಂತ ಗೀಚಿ ಒಂದು ಮಾರ್ಕು ಗಿಟ್ಟಿಸಿದ ಜನ ನಾವು. ಇವತ್ತು ನಾನೊಂದು ಪದ ಕೊಡ್ತೀನಿ, ಬರೀರಿ ನೋಡೋಣ. ಪದ: ಅಪ್‌ಸೆಟ್. ಪಕ್ಕದೋರನ್ನ ಕೇಳೋ ಹಾಗಿಲ್ಲ (ಹೇಗೆ ಕೇಳ್ತೀರಿ, ಪಕ್ಕದೋರಿಂದಲೇ ತಾನೇ ನೀವು ಅಪ್‌ಸೆಟ್ ಆಗಿರೋದು!).

ಈ ಪದದಲ್ಲಿ ಮಾತ್ರ ನಿಮಗೆ ಫುಲ್ ಮಾರ್ಕ್ಸು, ನನಗೆ ಅನುಮಾನವೇ ಇಲ್ಲ. ಕಾಫಿ ಆರಿಹೋಗಿದೆ ಅಂತ ಬೆಳಗ್ಗೆ ಒಂದ್ಸಲ ಬಳಸಿದ್ರಿ. ನೀವು ಹಾಕಿದ ಫೋಟೋಗೆ ಓರಗಿತ್ತಿ ಲೈಕ್ ಒತ್ತಲಿಲ್ಲ ಅಂತ ಮಧ್ಯಾಹ್ನ ಬಳಸಿದ್ರಿ. ನಾಮಕರಣಕ್ಕೆ ಫೋನ್ ಮಾಡಿ ಕರೀದೆ ಬರೀ ವಾಟ್ಸಾಪಲ್ಲಿ ಕಾರ್ಡ್ ಕಳಿಸಿದ್ರು ಅಂತ ಸಾಯಂಕಾಲ ಬಳಸಿದ್ರಿ. ಹೌದೋ ಅಲ್ವೋ?

ನೋಡಿ, ಮುಖ ಆ ಕಡೆ ತಿರುಗಿಸಿದ್ರಿ. ಗೊತ್ತಿತ್ತು ನನಗೆ.

ನಿಮ್ಮ ವಾಕ್ಯ ಎಲ್ಲಿಂದ ಶುರುವಾಗುತ್ತೆ ಅಂತಾನೂ ಹೇಳ್ಲಾ? 'ಏನಿಲ್ಲ' ಅನ್ನೋದರಿಂದ. 'ಏನಾಯ್ತು?' 'ಏನಿಲ್ಲ.' 'ಇಲ್ಲ, ಏನೋ ಆಗಿದೆ.' 'ಏನಿಲ್ಲ ಬಿಡು.' 'ಸರಿ ಹಾಗಾದ್ರೆ' ಅಂತ ಆ ಪುಣ್ಯಾತ್ಮ ಚಪ್ಪಲಿ ಮೆಟ್ಟಿ ಹೊರಟನೋ, ಆಗ ಏಳುತ್ತೆ ನೋಡಿ ಅಸಲಿ ಅಪ್‌ಸೆಟ್ಟು. ಮೂರನೇ ಸಲ ಕೇಳ್ಬೇಕಿತ್ತು, ಎರಡಕ್ಕೇ ನಿಲ್ಲಿಸಿಬಿಟ್ಟ! ಮೊದಲಿನ ಕಾರಣ ಏನಿತ್ತೋ, ಅದು ಆಗಲೇ ಮರೆತೂ ಹೋಗಿರುತ್ತೆ.

ನಮ್ಮ ಕೈವಾರದ ಕಡೆ ಬನ್ನಿ, ಈ ವಾಕ್ಯಕ್ಕೆ ಬೇರೆಯದೇ ಸೊಗಸು. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಈ ಸೀಮೇಲಿ ಒಂದೇ ಬಾಯಲ್ಲಿ ಎರಡು ಭಾಷೆ ಸಂಸಾರ ಮಾಡ್ತವೆ. ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಸಂತೇಲಿ ಯಾವುದು ಮೊದಲು ಬಾಯಿಗೆ ಬರುತ್ತೋ ಅದು. ಕೈವಾರದ ತಾತಯ್ಯನೋರೇ (ಯೋಗಿ ನಾರೇಯಣ ಯತೀಂದ್ರರು) ಎರಡೂ ಭಾಷೇಲಿ ಕೀರ್ತನೆ ಕಟ್ಟಿದೋರು ಅಂದ್ಮೇಲೆ ನಮ್ಮದೇನು ಬಿಡಿ. ಆದ್ರೆ ಬೇಜಾರಾದಾಗ ಮಾತ್ರ ಎರಡೂ ಸಾಲದೆ ಮೂರನೇ ಮನೆ ಬಾಗಿಲು ತಟ್ತೀವಿ.

ಕೈವಾರ ಕ್ರಾಸಲ್ಲಿ ಬಸ್ಸಿಗೆ ಕಾಯೋವಾಗ ಕಿವಿಗೆ ಬಿದ್ದಿದ್ದು ಕೇಳಿ. ಸೊಸೆ ಕಾಲೇಜು ಓದಿದೋಳು, ಅತ್ತೆ ಸೊಂಟದಲ್ಲಿ ಎಲೆ ಅಡಿಕೆ ಚೀಲ. "ಏಮಾಯೆನೇ, ಯಾಕಿಂಗೆ ಮೊಕ ಗಂಟಾಕ್ಕೊಂಡಿದೀಯ?" "ಏಮೀ ಲೇದತ್ತಾ, ಒಸಿ ಅಪ್‌ಸೆಟ್ಟು." ಅತ್ತೆಗೆ ಕನಿಕರ ಉಕ್ಕಿಬಂತು. "ಅಯ್ಯೋ, ಮೊದ್ಲೇ ಯೋಳಬಾರ್ದಾ? ರಾತ್ರಿ ಆ ಬೋಂಡ ತಿನ್ಬೇಡ ಅಂದೆ, ಕೇಳಿದ್ಯಾ? ಮನೇಗೋಗಿದ್ದೇ ಮಜ್ಜಿಗೇಲಿ ಒಂದ್ ಚಮಚ ಮೆಂತ್ಯ ನುಂಗು."

ಸೊಸೆ ಏನು ಮಾಡ್ತಾಳೆ ಪಾಪ! ಅತ್ತೆ ಪಾಲಿಗೆ ಅಪ್‌ಸೆಟ್ ಆಗೋದು ಹೊಟ್ಟೆ. ಅವಳ ಕಾಲದಲ್ಲಿ ಮನಸ್ಸಿಗೆ ಏನಾದ್ರೂ ಆದ್ರೆ ಪಾತ್ರೆ ಸದ್ದು ಮಾಡ್ತಿತ್ತು. (ನಿಮ್ಮನೇಲಿ ಈಗಲೂ ಮಾಡುತ್ತೆ. ಸೌಟನ್ನ ಸಿಂಕಿಗೆ ಇಟ್ಟ ಸದ್ದು ಯಾವುದು, ಎಸೆದ ಸದ್ದು ಯಾವುದು ಅಂತ ಗೊತ್ತಾಗದ ಗಂಡಸು ನಮ್ಮ ಜಿಲ್ಲೇಲಿ ಇನ್ನೂ ಹುಟ್ಟಿಲ್ಲ.)

ಸಿಟ್ಟು, ಮುನಿಸು, ಬೇಜಾರು, ಸಂಕಟ, ಸೆಡವು, ಇಷ್ಟೆಲ್ಲ ಮನೇಲಿ ಬಿದ್ದಿರೋವಾಗ ಈ ಅಪ್‌ಸೆಟ್ಟೇ ಯಾಕೆ ಬೇಕು ಅಂತ ಯಾವತ್ತಾದ್ರೂ ಯೋಚನೆ ಮಾಡಿದೀರಾ? ನಾನು ಮಾಡಿದೀನಿ. 'ನಿನ್ನ ಮೇಲೆ ಸಿಟ್ಟು ಬಂದಿದೆ' ಅಂದ್ರೆ ಲೆಕ್ಕ ಒಪ್ಪಿಸ್ಬೇಕು. ಯಾಕೆ ಬಂತು, ಯಾವತ್ತು ಬಂತು, ಈಗ ಏನು ಮಾಡ್ಬೇಕು ಅಂತೀಯ. ಎದುರಿಗಿರೋರೂ ತಮ್ಮ ಹಳೇ ಖಾತೆ ಪುಸ್ತಕ ತೆಗೀತಾರೆ. ತಾಪತ್ರಯ ಬೇಡ. ಅಪ್‌ಸೆಟ್ ಅಂದ್ರೆ ಯಾರ ಹೆಸರೂ ಬರಲ್ಲ, ಜಗಳ ಆಡಿದ ಹಾಗೂ ಆಗಲ್ಲ, ಆದ್ರೆ ತಲುಪಬೇಕಾದೋರಿಗೆ ತಲುಪುತ್ತೆ.

ಇನ್ನೊಂದು ಗುಟ್ಟು ಇದೆ, ಹತ್ರ ಬನ್ನಿ. ಕಾರಣ ಬಾಯಿಬಿಟ್ಟು ಹೇಳಿದ್ರೆ ಮಾನ ಹೋಗುತ್ತೆ. 'ತಮ್ಮನಿಗೆ ಎರಡು ಒಬ್ಬಟ್ಟು ಹಾಕಿದ್ರು, ನನಗೆ ಒಂದೇ' ಅಂತ 45ನೇ ವಯಸ್ಸಲ್ಲಿ, ಕನ್ನಡಕ ಹಾಕ್ಕೊಂಡು, ಹೇಗೆ ಹೇಳ್ತೀರಿ? 'ಐ ಆಮ್ ಎ ಲಿಟ್ಲ್ ಅಪ್‌ಸೆಟ್' ಅನ್ನಿ. ಅದೇ ಒಬ್ಬಟ್ಟು ಪ್ಯಾಂಟು ಶರಟು ತೊಟ್ಕೊಂಡು ಗೌರವವಾಗಿ ಆಚೆ ಬರುತ್ತೆ.

ಟಿ.ಪಿ. ಕೈಲಾಸಂ ತಮ್ಮ ನಾಟಕಗಳಲ್ಲಿ ಕನ್ನಡಕ್ಕೆ ಇಂಗ್ಲಿಷ್ ಬೆರೆಸಿ ನೂರು ವರ್ಷದ ಮೇಲಾಯ್ತು. ಅವರು ನಗಿಸೋಕೆ ಬೆರೆಸಿದ್ರು. ನೀವು ಅಳೋಕೆ ಬೆರೆಸ್ತಿದೀರಿ. ಅಷ್ಟೇ ಬದಲಾಗಿದ್ದು.

ಈ ಪದಕ್ಕೆ ಅಣ್ಣತಮ್ಮಂದಿರೂ ಇದಾರೆ. 'ಮೂಡ್ ಔಟ್' ಹಿರಿಯಣ್ಣ, ಈಗ ವಯಸ್ಸಾಯ್ತು. ಅವನ ಮಗ 'ಮೂಡ್ ಆಫ್' ಕಾಲೇಜಿಗೆ ಹೋಗ್ತಾನೆ. (ಇಂಗ್ಲಿಷರಿಗೆ ಈ ಅಪ್ಪ ಮಗ ಇಬ್ಬರ ಪರಿಚಯವೂ ಇಲ್ಲ, ನಮ್ಮೋರೇ ಹೆತ್ತಿದ್ದು.) ಆಮೇಲೆ 'ಫೀಲ್'. 'ಫೀಲಾಗ್ಬೇಡ ಮಗಾ' ಅಂತೀವಲ್ಲ, ಖುಷಿಯಾದಾಗ ಯಾರಾದ್ರೂ ಫೀಲ್ ಆಗಿದ್ದು ನೋಡಿದೀರಾ? ನಮ್ಮ ಕಡೆ ಫೀಲ್ ಅಂದ್ರೆ ಕಣ್ಣಲ್ಲಿ ನೀರು ಇರಲೇಬೇಕು.

ಅಪ್‌ಸೆಟ್ ಆಗೋ ಸೌಲಭ್ಯ ಎಲ್ಲರಿಗೂ ಇಲ್ಲ, ಅದನ್ನೂ ಗಮನಿಸಿ. 'ಸಾರ್ ಸ್ವಲ್ಪ ಅಪ್‌ಸೆಟ್ ಆಗಿದಾರೆ' ಅಂದ್ರೆ ಸಾರ್ ಫೈಲು ಎಸೆದಿದಾರೆ ಅಂತ. 'ಮಗಳು ಅಪ್‌ಸೆಟ್' ಅಂದ್ರೆ 95 ಬರಬೇಕಿದ್ದ ಕಡೆ 91 ಬಂದಿದೆ ಅಂತ. ಅಪ್ಪ ಮಾತ್ರ ಅಪ್‌ಸೆಟ್ ಆಗೋ ಹಾಗಿಲ್ಲ. ಅಪ್ಪನಿಗೆ ಬಿ.ಪಿ. ಬರುತ್ತೆ.

ಹಾಗಂತ ಇದೆಲ್ಲ ಹೊಸ ಕಾಲದ ಕಾಯಿಲೆ ಅಂದ್ಕೊಂಡ್ರಾ? ಕೈವಾರದಲ್ಲೇ ನಿಂತು ಈ ಮಾತಾಡಿದ್ರೆ ಭೀಮ ಬಂದು ಗುದ್ದುತಾನೆ. ನಮ್ಮೂರೇ ಏಕಚಕ್ರಪುರ, ಬಕಾಸುರನನ್ನ ಕೊಂದಿದ್ದು ಇಲ್ಲೇ, ಪಾಪ ಕಳ್ಕೊಳ್ಳೋಕೆ ಭೀಮ ಲಿಂಗ ಇಟ್ಟಿದ್ದು ಇಲ್ಲೇ ಅಂತ ಸ್ಥಳಪುರಾಣ. ಬೇಕಾದ್ರೆ ಭೀಮಲಿಂಗೇಶ್ವರನ ಗುಡಿಗೇ ಬನ್ನಿ. ಮಹಾಭಾರತದ ಆ ಕಥೇನ ಇನ್ನೊಂದ್ಸಲ ಓದಿ ನೋಡಿ, ಅದು ಅಪ್ಪಟ ಅಪ್‌ಸೆಟ್ ಕಥೆ.

ಬಕಾಸುರನಿಗೆ ಒಂದು ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ ಟೈಮಿಗೆ ಸರಿಯಾಗಿ ಬರಬೇಕಿತ್ತು. ಅವತ್ತು ಬರಲಿಲ್ಲ. ಹಸಿದ ಹೊಟ್ಟೇಲಿ ಬಂದು ನೋಡ್ತಾನೆ, ತನಗೆ ಅಂತ ತಂದ ಊಟವನ್ನ ತಂದೋನೇ ಕೂತು ಬಾರಿಸ್ತಿದಾನೆ. ನೀವಾಗಿದ್ರೆ? ಆರ್ಡರ್ ಮಾಡಿದ ಬಿರಿಯಾನಿ ಅರ್ಧ ಗಂಟೆ ಲೇಟಾದ್ರೆ ಒಂದು ಸ್ಟಾರ್ ಕೊಡ್ತೀರಲ್ಲ, ಸುಳ್ಳು ಹೇಳ್ಬೇಡಿ. ಬಕಾಸುರ ಎರಡೂ ಕೈಯಲ್ಲಿ ಭೀಮನ ಬೆನ್ನಿಗೆ ಗುದ್ದಿದ.

ಭೀಮ ಏನು ಮಾಡಿದ ಹೇಳಿ? ತಿರುಗಿ ನೋಡಲಿಲ್ಲ. ಊಟ ಮುಂದುವರಿಸಿದ. ಮುಗಿಸಿ, ಕೈ ತೊಳೆದು, ಆಮೇಲೆ ಎದ್ದ. ನಿಮ್ಮ ಯಜಮಾನರು ಗೊತ್ತಲ್ಲ, ನೀವು ಎದುರಿಗೆ ನಿಂತು 'ಐ ಆಮ್ ವೆರಿ ಅಪ್‌ಸೆಟ್' ಅಂದ್ರೂ ಮುದ್ದೆ ಮುರಿದು ಉಪ್ಸಾರಿಗೆ ಅದ್ದಿ ನುಂಗ್ತಾನೇ ಇರ್ತಾರಲ್ಲ? ಬೈಕೋಬೇಡಿ. ಆ ಪದ್ಧತಿ ಈ ಊರಿನದು.

ಅಯೋಧ್ಯೇಲಿ ಇನ್ನೂ ಅನುಕೂಲ ಇತ್ತು. ದಶರಥನ ಅರಮನೇಲಿ ಅಪ್‌ಸೆಟ್ ಆಗೋಕೇ ಅಂತ ಒಂದು ಪ್ರತ್ಯೇಕ ಕೋಣೆ, ವಾಲ್ಮೀಕಿಗಳು ಅದನ್ನ ಕ್ರೋಧಾಗಾರ ಅಂತಾರೆ. ಕೈಕೇಯಿ ಒಡವೆ ಬಿಸಾಕಿ ಅಲ್ಲಿ ಹೋಗಿ ನೆಲದ ಮೇಲೆ ಮಲಗಿದ್ಲು. ರಾಜನಿಗೆ ವಿಷಯ ಗೊತ್ತಾಗೋಕೆ ಅಷ್ಟು ಸಾಕಾಯ್ತು. 'ಯಾಕೆ, ಏನಾಯ್ತು, ಏನಿಲ್ಲ' ಅನ್ನೋ ಪೀಠಿಕೆಯೇ ಬೇಡ. ನಿಮ್ಮದು 2 ಬಿ.ಎಚ್.ಕೆ. ಒಂದು ರೂಮಲ್ಲಿ ಮಾವನೋರು ಟಿ.ವಿ. ಹಾಕ್ಕೊಂಡು ಕೂತಿದಾರೆ, ಇನ್ನೊಂದರಲ್ಲಿ ಮಗ ಆನ್‌ಲೈನ್ ಕ್ಲಾಸು. ಎಲ್ಲಿ ಹೋಗಿ ಮಲಗ್ತೀರಿ?

ಅದಕ್ಕೇ ವಾಟ್ಸಾಪ್ ಸ್ಟೇಟಸ್ಸಿಗೆ ಹೋಗಿ ಮಲಗಿದ್ರಿ. ಕಪ್ಪು ಬ್ಯಾಕ್‌ಗ್ರೌಂಡು, ಮಧ್ಯದಲ್ಲೊಂದು ಒಡೆದ ಹಾರ್ಟು, ಕೆಳಗೆ 'ಅರ್ಥ ಮಾಡ್ಕೊಳ್ಳೋರಿಗೆ ಮಾತು ಬೇಕಿಲ್ಲ'. ಡಿ.ಪಿ. ಖಾಲಿ. ಸೆಟ್ಟಿಂಗ್ಸಲ್ಲಿ ಅಮ್ಮನಿಗೆ ಹೈಡು, ಆಫೀಸ್ ಗ್ರೂಪಿನೋರಿಗೆ ಹೈಡು, ನಾದಿನಿಗೆ ಹೈಡು. ಕೊನೆಗೆ ಕಾಣೋದು ಒಬ್ಬರಿಗೇ. ಆ ಒಬ್ಬರು ನೋಡಿದ್ರಾ ಅಂತ ಹತ್ತು ನಿಮಿಷಕ್ಕೊಂದ್ಸಲ ಇಣುಕಿ ನೋಡ್ತೀರಿ. ನೋಡಿಲ್ಲ. ಯಾಕೆ ನೋಡ್ತಾರೆ, ಪಕ್ಕದಲ್ಲೇ ಮಂಚದ ಮೇಲೆ ಕ್ರಿಕೆಟ್ ನೋಡ್ತಾ ಕೂತಿದಾರೆ!

ಅದೇ ರಾತ್ರಿ ಬೇರೆ ಯಾರದೋ ಫೋನು ಬರುತ್ತೆ: 'ಸ್ಟೇಟಸ್ ನೋಡ್ದೆ, ಏನಾಯ್ತೇ?' (ಒಬ್ಬರಿಗೆ ಹೈಡ್ ಮಾಡೋದು ಮರೆತುಹೋಗಿತ್ತು.) ಈಗ ಅವರಿಗೆ ಪೂರ್ತಿ ಹೇಳ್ಬೇಕು, ಮುಕ್ಕಾಲು ಗಂಟೆ. ಹೇಳಿ ಮುಗಿಯೋ ಹೊತ್ತಿಗೆ ನಿಮಗೆ ಹಗುರ, ಅವರಿಗೆ ಅಪ್‌ಸೆಟ್ಟು. ಇದೂ ಒಂಥರಾ ಧರ್ಮಕಾರ್ಯವೇ ಅನ್ನಿ, ಯಾರ ಹತ್ರವೂ ಉಳಿಯೋದಿಲ್ಲ, ಮನೆಯಿಂದ ಮನೆಗೆ ಹೋಗ್ತಿರುತ್ತೆ.

ನಿಮಗಿಂತ ಚೆನ್ನಾಗಿ ಅಪ್‌ಸೆಟ್ ಆಗೋ ಪ್ರಾಣಿ ಒಂದಿದೆ, ತೋರಿಸ್ತೀನಿ ಬನ್ನಿ. ಶಿಡ್ಲಘಟ್ಟದ ಕಡೆ ಯಾವುದಾದ್ರೂ ರೇಷ್ಮೆ ಸಾಕೋ ಮನೆಗೆ ಹೋಗೋಣ. ಚಪ್ಪಲಿ ಆಚೆ ಬಿಡಿ, ಕೈ ತೊಳ್ಕೊಳ್ಳಿ, ಸೆಂಟು ಹಾಕ್ಕೊಂಡಿದ್ರೆ ಒಳಗೆ ಬರಲೇಬೇಡಿ. ನೋಡಿ, ನಿನ್ನೆವರೆಗೂ ಹಿಪ್ಪುನೇರಳೆ ಸೊಪ್ಪನ್ನ ಸರಸರ ಮೇಯ್ತಿದ್ದ ಹುಳ ಇವತ್ತು ತಲೆ ಮೇಲಕ್ಕೆತ್ತಿ ಕಲ್ಲಾಗಿ ಕೂತಿದೆ. ಸೊಪ್ಪು ಮೂಸೋದೂ ಇಲ್ಲ.

'ಜ್ವರಕ್ಕೆ ಕೂತವೆ' ಅಂತಾರೆ ನಮ್ಮ ರೈತರು. ನಿಜವಾದ ಜ್ವರ ಅಲ್ಲ, ಪೊರೆ ಬಿಡೋ ಹೊತ್ತು. ತಿಂಗಳೂ ತುಂಬದ ಹುಳದ ಬಾಳಿನಲ್ಲಿ ಹೀಗೆ ನಾಲ್ಕು ಸಲ ಕೂರುತ್ತೆ, ಒಂದೊಂದ್ಸಲ ಹೆಚ್ಚುಕಮ್ಮಿ ಒಂದು ದಿನ. ಆಗ ಮನೆಯೋರು ಏನು ಮಾಡ್ತಾರೆ ಗೊತ್ತಾ? 'ಯಾಕೆ, ಏನಾಯ್ತು' ಅಂತ ಕೇಳಲ್ಲ. ಸೊಪ್ಪು ಹಾಕೋದು ನಿಲ್ಲಿಸ್ತಾರೆ, ಮೇಲೆ ಸ್ವಲ್ಪ ಸುಣ್ಣದ ಪುಡಿ ಉದುರಿಸಿ ಹಾಸು ಒಣಗೋ ಹಾಗೆ ಮಾಡ್ತಾರೆ, ಗಾಳಿ ಆಡೋಕೆ ಬಿಟ್ಟು ಈಚೆ ಬರ್ತಾರೆ. ಆ ಹೊತ್ತಲ್ಲಿ ಕೈಯಾಡಿಸಿದ್ರೆ ಬೆಳೆ ಕೆಟ್ಟಿತು ಅಂತಾನೇ ಲೆಕ್ಕ.

ಹುಳವೂ ಅಷ್ಟೇ ಮರ್ಯಾದಸ್ಥ. ಹಳೇ ಚರ್ಮ ಅಲ್ಲೇ ಕಳಚಿಟ್ಟು, ಹೊಸದು ತೊಟ್ಟು, ಎದ್ದು, 'ಸೊಪ್ಪೆಲ್ಲಿ?' ಅನ್ನುತ್ತೆ. ನಾಲ್ಕನೇ ಜ್ವರ ಕಳೆದು ಎದ್ದ ಮೇಲಂತೂ ನಮ್ಮ ಬಕಾಸುರನೇ. ಹುಟ್ಟಿದಾಗಿಂದ ತಿನ್ನೋ ಒಟ್ಟು ಸೊಪ್ಪಿನಲ್ಲಿ ಐದಕ್ಕೆ ನಾಲ್ಕು ಪಾಲು ಆ ಕೊನೇ ವಾರದಲ್ಲೇ ಖಾಲಿ. ಮನೆಯೋರಿಗೆ ರಾತ್ರಿ ಹಗಲು ಸೊಪ್ಪು ತಂದು ಹಾಕೋದೇ ಕೆಲಸ.

ಈಗ ನಿಮ್ಮನ್ನ ಪಕ್ಕದಲ್ಲಿ ಕೂರಿಸಿ ನೋಡೋಣ್ವಾ? ಹುಳದ ಥರಾನೇ ಊಟ ಬಿಟ್ರಿ, ತಲೆ ಎತ್ತಿ ಫ್ಯಾನ್ ನೋಡ್ತಾ ಕೂತ್ರಿ, ಇಲ್ಲಿವರೆಗೂ ಸರಿ. ಆದ್ರೆ ಮನೆಯೋರು ಸುಮ್ಮನಿದ್ರೆ ಸಹಿಸಲ್ಲ. ಕೇಳಿದ್ರೆ ಹೇಳಲ್ಲ. ರಾತ್ರಿ ಹನ್ನೆರಡಕ್ಕೆ ಎದ್ದು ಫ್ರಿಜ್ಜಲ್ಲಿ ಮೈಸೂರುಪಾಕು ಹುಡುಕ್ತೀರಿ. (ಡಬ್ಬಿ ಮುಚ್ಚಳದ ಸದ್ದು ಮಂಚದವರೆಗೂ ಕೇಳುತ್ತೆ, ನೆನಪಿರಲಿ.) ಹಳೇ ಪೊರೇನ ಕಳಚಿ ಬಿಸಾಕ್ತೀರಾ? ಎಲ್ಲಿ! ಮಡಿಸಿ ಬೀರುವಲ್ಲಿ ಇಟ್ಟಿರ್ತೀರಿ. ಮುಂದಿನ ಸಲ 'ನಮ್ಮ ಎಂಗೇಜ್‌ಮೆಂಟ್ ದಿನಾನೂ ನೀವು ಹೀಗೇ' ಅಂತ ತೆಗೆದು ತೋರಿಸೋಕೆ.

ನಮ್ಮ ಟೊಮೆಟೊ ಬೆಳೆಗಾರರ ಬಾಯಲ್ಲಿ ಅಪ್‌ಸೆಟ್ ಅನ್ನೋ ಈ ಪದ ನಾನು ಕೇಳಿಲ್ಲ. 2023ರ ಜುಲೈಯಲ್ಲಿ ಟೊಮೆಟೊ ಕೆ.ಜಿ.ಗೆ 100 ರೂಪಾಯಿ ದಾಟಿತ್ತಲ್ಲ, ಆಗ ಬೆಂಗಳೂರು ಪೂರ್ತಿ ಅಪ್‌ಸೆಟ್ಟು. ಅದೇ ರೇಟು ಮಕಾಡೆ ಬಿದ್ದು 15 ಕೆ.ಜಿ. ಕ್ರೇಟು ಚಿಂತಾಮಣಿ ಮಾರ್ಕೆಟ್ಟಿಗೆ ಸಾಗಿಸಿದ ಬಾಡಿಗೆಯೂ ಹುಟ್ಟದೇ ಇದ್ದಾಗ ಇಲ್ಲಿಯ ರೈತ 'ಸುರಿದು ಬಂದೆ ಕಣಪ್ಪ' ಅಂತಾನೆ, ಬೀಡಿ ಹಚ್ತಾನೆ, ಮುಂದಿನ ನಾಟಿಗೆ ಸಸಿ ಎಷ್ಟು ಅಂತ ವಿಚಾರಿಸ್ತಾನೆ. ಸ್ಟೇಟಸ್ಸೂ ಇಲ್ಲ, ಏನೂ ಇಲ್ಲ. ಸರಿ, ನಾವು ನಮ್ಮ ಒಬ್ಬಟ್ಟಿನ ವಿಷಯಕ್ಕೆ ಬರೋಣ.

ಅದಕ್ಕೂ ಮೊದಲು, ತಾತಯ್ಯನೋರ ಕಥೆ ಗೊತ್ತಾ? 1726ರಲ್ಲಿ ಹುಟ್ಟಿ 1836ರವರೆಗೆ, 110 ವರ್ಷ ಬದುಕಿದ್ರು ಅಂತ ಭಕ್ತರ ನಂಬಿಕೆ. ಕಾಲಜ್ಞಾನ ಬರೆದ ಯೋಗಿ ನಾರೇಯಣ ಯತೀಂದ್ರರು ಮೊದಲು ಊರೂರು ಸುತ್ತೋ ಬಳೆಗಾರ. ವ್ಯಾಪಾರಕ್ಕೆ ಬೇಕಾದ ಗಟ್ಟಿತನ ಅವರಲ್ಲಿ ಇರಲಿಲ್ಲ. ಬಳೆ ಮಲಾರ ಖಾಲಿ, ಕೈಯಲ್ಲಿ ಕಾಸಿಲ್ಲ. ಮನೇಲಿ ಮುನಿಯಮ್ಮನೋರಿಗೆ ಹೇಗಾಗಿರ್ಬೇಡ! ಅವರು ಅಪ್‌ಸೆಟ್ ಗಿಪ್‌ಸೆಟ್ ಅಂತ ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳಲಿಲ್ಲ, ನೆಟ್ಟಗೆ ಬೈದ್ರು ಅಂತಾರೆ ನಮ್ಮ ಕಡೆ.

ಆಮೇಲೆ ಗುರು ಪರದೇಶಿಸ್ವಾಮಿಗಳು ಸಿಕ್ಕಿದ್ರು, ಒಂದು ಬೆಣಚುಕಲ್ಲು ಕೊಟ್ರು. ಇದನ್ನ ಬಾಯಲ್ಲಿ ಇಟ್ಕೊಂಡು ಮಂತ್ರ ಜಪಿಸು, ಕಲ್ಲು ಕಲ್ಲುಸಕ್ಕರೆ ಆಗೋವರೆಗೂ ಬಿಡ್ಬೇಡ ಅಂದ್ರಂತೆ. ತಾತಯ್ಯನೋರು ಬೆಟ್ಟದ ಗವಿ ಸೇರಿ ಜಪಕ್ಕೆ ಕೂತ್ರು, ಕಲ್ಲು ಸಕ್ಕರೆ ಆಯ್ತು ಅಂತ ಭಕ್ತರು ಹೇಳ್ತಾರೆ. ನನ್ನ ತರಲೆ ಬುದ್ಧಿಗೆ ಬೇರೆಯೇ ಹೊಳೀತು: ಒಂದು ಬೆಣಚುಕಲ್ಲು ಬಾಯಲ್ಲಿ ಇಟ್ಕೊಂಡು 'ಐ ಆಮ್ ಅಪ್‌ಸೆಟ್' ಅಂದು ನೋಡಿ. ಬರಲ್ಲ. 'ಹೂಂ', 'ಉಹೂಂ', ಅಷ್ಟೇ ಬರೋದು. ಸಂಸಾರಕ್ಕೆ ಅಷ್ಟು ಸಾಕಲ್ವಾ? (ಪ್ರಯೋಗ ಮಾಡಿ ನುಂಗಿಬಿಟ್ರೆ ನಾನು ಜವಾಬ್ದಾರಿ ಅಲ್ಲ.)

ಗುರುಪೂರ್ಣಿಮೆಗೆ ಕೈವಾರಕ್ಕೆ ಬನ್ನಿ, ಹಗಲು ರಾತ್ರಿ ಸಂಗೀತೋತ್ಸವ. ಎಷ್ಟೋ ಕಡೆಯಿಂದ ಭಜನೆ ತಂಡಗಳು ಬಂದಿರ್ತವೆ. ಅಷ್ಟು ಹಾಡಿನ ಮಧ್ಯೆಯೂ ಮುಂದಿನ ಸಾಲಲ್ಲಿ ಜಾಗ ಸಿಗಲಿಲ್ಲ ಅಂತ ಕಂಬಕ್ಕೊರಗಿ, ಎರಡೂ ಕೈ ಕಟ್ಕೊಂಡು ನಿಂತಿರೋದು ಯಾರು? ನಾನು ಹೆಸರು ಹೇಳಲ್ಲ.

ನಮ್ಮ ಗಡಿ ಸೀಮೆಯೋರಿಗೆ ಇದನ್ನೆಲ್ಲ ಲಕ್ಷಣವಾಗಿ ನಿಭಾಯಿಸೋ ದಾರಿ ಮೊದಲೇ ಗೊತ್ತಿತ್ತು. ತೆಲುಗಿನೋರ ಮದುವೇಲಿ ಅಲಕಪಾನ್ಪು ಅಂತ ಒಂದು ಶಾಸ್ತ್ರ. ಹೊಸ ಅಳಿಯ ಹೋಗಿ ಮಂಚದ ಮೇಲೆ ಮುನಿಸ್ಕೊಂಡು ಕೂರೋದು, ಮಾವ ಬಂದು 'ಏನ್ ಬೇಕಪ್ಪಾ' ಅಂತ ಕೇಳೋದು, ಉಡುಗೊರೆ ಕೈಗೆ ಬಂದ್ಮೇಲೆ ಅಳಿಯ ನಗೋದು. ವಾಚು, ಸೈಕಲ್ಲು, ಆಮೇಲಾಮೇಲೆ ಬೈಕು. (ವರದಕ್ಷಿಣೆಗೆ ಇಟ್ಟ ಮುದ್ದಿನ ಹೆಸರು ಅದು ಅಂತ ನೀವು ಗೊಣಗಿದ್ರೆ ನಾನೂ ಜೊತೆಗೆ ಗೊಣಗ್ತೀನಿ.) ಒಳ್ಳೇದು ಏನು ಅಂದ್ರೆ, ಅಲ್ಲಿ ಮುನಿಸಿಗೊಂದು ಜಾಗ, ಒಂದು ಹೊತ್ತು, ಒಂದು ಕೊನೆ ಇತ್ತು. ಎಷ್ಟು ಹೊತ್ತು ಕೂರ್ಬೇಕು ಅಂತ ಅಳಿಯನಿಗೂ ಗೊತ್ತು, ಎಷ್ಟು ಸಲ ಕೇಳ್ಬೇಕು ಅಂತ ಮಾವನಿಗೂ ಗೊತ್ತು.

ಈಗ ಅಳಿಯಂದಿರು ಅದನ್ನ ಬಿಡ್ತಾ ಬಂದಿದಾರೆ, ಚಿಕ್ಕಪ್ಪಂದಿರು ಹಿಡ್ಕೊಂಡಿದಾರೆ. ಯಾವ ಚೌಲ್ಟ್ರಿಗಾದ್ರೂ ಹೋಗಿ, ಪಾರ್ಕಿಂಗ್ ಹತ್ರ ಕಾರಿಗೆ ಒರಗಿ, ರೇಷ್ಮೆ ಶಲ್ಯ ಹೆಗಲ ಮೇಲೆ ಹಾಕ್ಕೊಂಡು ಒಬ್ಬರು ನಿಂತಿರ್ತಾರೆ. ಲಗ್ನಪತ್ರಿಕೇಲಿ ಅವರ ಹೆಸರು ದೊಡ್ಡಪ್ಪನ ಹೆಸರಿಗಿಂತ ಕೆಳಗೆ ಬಂದಿದೆ. (ದೊಡ್ಡಪ್ಪ ದೊಡ್ಡೋನು, ಆದ್ದರಿಂದ ಮೇಲೆ. ಹೋಗಲಿ ಬಿಡಿ, ಅದನ್ನ ಹೇಳೋ ಧೈರ್ಯ ಯಾರಿಗಿದೆ.) ಮೊದಲು ಹುಡುಗರು ಹೋಗಿ ಕರೀತಾರೆ. 'ನಂಗೆ ಹಸಿವಿಲ್ಲ, ನೀವ್ ಮಾಡಿ.' ಆಮೇಲೆ ಹೆಣ್ಣುಮಕ್ಕಳು ಹೋಗ್ತಾರೆ. 'ಏನಿಲ್ಲಮ್ಮ, ಸ್ವಲ್ಪ ಅಪ್‌ಸೆಟ್ಟು, ಅಷ್ಟೇ.' ಒಳಗೆ ಎರಡನೇ ಪಂಕ್ತಿ ಏಳ್ತಾ ಇದೆ, ಚಿಕ್ಕಪ್ಪನ ಒಂದು ಕಣ್ಣು ಕಿಟಕಿ ಮೇಲೇ ಇದೆ.

ಕೊನೆಗೆ ಹೆಣ್ಣಿನ ಅಪ್ಪನೇ ಬರ್ಬೇಕು. ಬಂದ, ಕೈ ಹಿಡಿದ, 'ನೀನು ಬರದೆ ನಾನು ಹೇಗೋ ಊಟಕ್ಕೆ ಕೂರ್ಲಿ' ಅಂದ. ಚಿಕ್ಕಪ್ಪ ಒಂದು ನಿಟ್ಟುಸಿರು ಬಿಟ್ಟು, ಶಲ್ಯ ಸರಿ ಮಾಡ್ಕೊಂಡು, 'ನೀನು ಕರೆದೆ ಅಂತ ಬರ್ತಿದೀನಿ, ತಿಳ್ಕೋ' ಅಂತ ಹೆಜ್ಜೆ ಎತ್ತಿದ್ರು. ನಗ್ತಿದೀರಾ? ಆ ಕಾರಿನ ನಂಬರು ನನಗೂ ಗೊತ್ತು, ನಿಮಗೂ ಗೊತ್ತು. ಮೆಟ್ಟಿಲು ಹತ್ತೋವಾಗ ಮೆಲ್ಲಗೆ ಕೇಳಿದ್ದೂ ನನ್ನ ಕಿವಿಗೆ ಬಿದ್ದಿದೆ: 'ಒಬ್ಬಟ್ಟು ಇನ್ನೂ ಉಳಿದಿದೆ ತಾನೇ?'